ರಕ್ತನಿಧಿಯ ಹಸಿರು ಚೌಕ

ಆ ವರ್ಷ ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ನನ್ನ ಬೆರಳಿನ ಗೆಣ್ಣುಗಳು ಬೆಳಗಿನ ಹೊತ್ತು ಊದಿಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಕೈ ಅದ್ದಿ, ಮುಷ್ಟಿ ಕಟ್ಟಿ ಬಿಚ್ಚಿ, ಮತ್ತೆ ಕಟ್ಟಿ ಬಿಚ್ಚಿ, ಆಮೇಲೆ ಕೀಬೋರ್ಡಿನ ಮುಂದೆ ಕೂರಬೇಕಿತ್ತು. ಅಂಥ ಒಂದು ಬೆಳಿಗ್ಗೆ ರಕ್ತನಿಧಿಯ ಡಾಕ್ಟರ್ ಫೋನ್ ಮಾಡಿದರು.

ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವವಳು. ಸಣ್ಣ ಸಂಸ್ಥೆಗಳ ವೆಬ್‌ಸೈಟ್ ಕಟ್ಟಿಕೊಡುವುದು, ಕೆಟ್ಟಾಗ ರಿಪೇರಿ ಮಾಡುವುದು, ಇಷ್ಟೇ. ಆ ರಕ್ತನಿಧಿಯ ವೆಬ್‌ಸೈಟನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಡಾಕ್ಟರ್ ಐವತ್ತು ದಾಟಿದ ಹೆಂಗಸು. ಮಾತು ಜೋರು, ಮನಸ್ಸು ಮೆತ್ತಗೆ.

“ನೋಡವಾ, ಒಂದ ಸಣ್ಣ ಕೆಲಸ ಐತಿ,” ಅಂದರು. “ಮುಂಜಾನಿಂದ ಸಂಜಿತನಕ ಬರೇ ಫೋನು. ಬಿ ಪಾಸಿಟಿವ್ ಐತೇನ್ರಿ, ಓ ನೆಗೆಟಿವ್ ಐತೇನ್ರಿ ಅಂತ. ನಮ್ಮ ಟೆಕ್ನಿಶಿಯನ್ ಫೋನ್ ಎತ್ತಬೇಕೋ, ರಕ್ತ ಪರೀಕ್ಷಾ ಮಾಡಬೇಕೋ? ಯಾವ ಗುಂಪಿಂದು ಐತಿ, ಯಾವುದು ಇಲ್ಲ ಅನ್ನೂದು ವೆಬ್‌ಸೈಟಿನ್ಯಾಗ ಕಾಣೂ ಹಂಗ ಮಾಡಿಬಿಡು.”

ತಮ್ಮ ಸೈಟಿನಲ್ಲಿ ಮಾತ್ರವಲ್ಲ, ಬಾದಾಮಿ, ಹುನಗುಂದ, ಇಳಕಲ್‌ನ ಮೂರು ಖಾಸಗಿ ಆಸ್ಪತ್ರೆಗಳ ಸೈಟಿನಲ್ಲೂ ಅದು ಕಾಣಬೇಕು ಎಂದರು. ಆ ಮೂರೂ ಊರಿನವರು ರಕ್ತ ಬೇಕಾದಾಗ ಇಲ್ಲಿಗೇ ಬರುತ್ತಿದ್ದರು. ಮೂರೂ ಸೈಟುಗಳನ್ನು ಕಟ್ಟಿದವಳು ನಾನೇ ಆದ್ದರಿಂದ ಇಲ್ಲವೆನ್ನಲು ಕಾರಣವಿರಲಿಲ್ಲ. ಸಣ್ಣ ಕೆಲಸವೆಂದು ನನಗೂ ಅನ್ನಿಸಿತ್ತು.

ಕೆಲಸ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಈ ಸೈಟುಗಳ ಪುಟಗಳೆಲ್ಲ ಒಂದು ಪೇಜ್ ಬಿಲ್ಡರ್‌ನಿಂದ ಮಾಡಿದಂಥವು. ಅದರಲ್ಲಿ ಚಿತ್ರಕ್ಕೊಂದು, ತಲೆಬರಹಕ್ಕೊಂದು, ಗುಂಡಿಗೊಂದು ಸಿದ್ಧ ತುಂಡು ಇರುತ್ತದೆ. ಅಂಥ ತುಂಡಿಗೆ ವಿಜೆಟ್ ಎನ್ನುತ್ತಾರೆ. ಆಸ್ಪತ್ರೆಯ ಗುಮಾಸ್ತರೂ ಅದನ್ನು ಎಳೆದು ತಂದು ಪುಟದಲ್ಲಿ ಬೇಕಾದ ಕಡೆ ಇಡಬಹುದು. ರಕ್ತದ ಲೆಕ್ಕ ತೋರಿಸುವ ವಿಜೆಟ್ ಮಾತ್ರ ಅಲ್ಲಿ ಎಲ್ಲಿಂದ ಬರಬೇಕು? ಅದನ್ನು ನಾನೇ ಬರೆಯಬೇಕು. ಅದರ ಹೆಸರೇನು, ಏನೇನು ಬದಲಿಸಬಹುದು, ಪುಟದ ಮೇಲೆ ಏನು ಮೂಡಬೇಕು ಎಂಬುದನ್ನೆಲ್ಲ ಕ್ಲಾಸ್ ಎಂಬ ಒಂದು ಕೋಡಿನ ತುಣುಕಿನಲ್ಲಿ ಬರೆದು, ಆ ಫೈಲನ್ನು ನನ್ನ ಪ್ಲಗಿನ್ನಿನೊಳಗೆ ಸೇರಿಸಬೇಕು. ಪ್ಲಗಿನ್ ಎಂದರೆ ಸೈಟಿಗೆ ಹೆಚ್ಚುವರಿ ಕೆಲಸ ಕಲಿಸುವ ಫೈಲುಗಳ ಒಂದು ಫೋಲ್ಡರ್. ರಕ್ತದಾನಿಗಳ ನೋಂದಣಿಗೆಂದು ಮಾಡಿದ ಪ್ಲಗಿನ್ ಒಂದು ಬಾಗಲಕೋಟೆಯ ಸೈಟಿನಲ್ಲಿ ಮೊದಲೇ ಇತ್ತು. ಅದರಲ್ಲೇ ಈ ಹೊಸ ಕ್ಲಾಸನ್ನೂ ಇಟ್ಟೆ.

ಎಂಟು ರಕ್ತದ ಗುಂಪಿಗೆ ಎಂಟು ಚೌಕ. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಟೆಕ್ನಿಶಿಯನ್ ತನ್ನ ಕಂಪ್ಯೂಟರಿನಲ್ಲಿ ಸಂಖ್ಯೆ ಬದಲಿಸಿದರೆ ನಾಲ್ಕೂ ಸೈಟಿನಲ್ಲಿ ಬಣ್ಣ ಬದಲಾಗಬೇಕು. ರಕ್ತನಿಧಿಯ ಸೈಟಿನಲ್ಲಿ ಮೊದಲ ಸಲವೇ ಸರಿಯಾಗಿ ಬಂತು. ಡಾಕ್ಟರ್ ಮೊಬೈಲಿನಲ್ಲಿ ನೋಡಿ, “ರಂಗೋಲಿ ಹಾಕಿದಂಗ ಕಾಣ್ತೈತಿ ನೋಡು,” ಅಂದರು.

ಆಸ್ಪತ್ರೆಗಳಿಗೆ ಕೊಡುವ ಪ್ರತಿಯಲ್ಲಿ ದಾನಿಗಳ ನೋಂದಣಿ ಬೇಡವಾಗಿತ್ತು. ಅದನ್ನು ತೆಗೆದು, ಫೋಲ್ಡರಿಗೆ ‘ಆಸ್ಪತ್ರೆ’ ಎಂದು ಶುರುವಾಗುವ ಹೊಸ ಹೆಸರು ಇಟ್ಟೆ. ಇಳಕಲ್ ಆಸ್ಪತ್ರೆಯ ಮ್ಯಾನೇಜರ್ ಖುದ್ದಾಗಿ ಬಂದು ಹಾಕಿಕೊಡಬೇಕೆಂದು ಹಟ ಹಿಡಿದಿದ್ದರು. ಬಸ್ ಹತ್ತಿದೆ. ಅಮೀನಗಡ ದಾಟುವ ಹೊತ್ತಿಗೇ ಬಿಸಿಲು ಏರಿತ್ತು. ಗ್ರಾನೈಟ್ ಹೇರಿದ ಲಾರಿಯ ಹಿಂದೆ ಬಸ್ ತೆವಳುತ್ತ ಹೋಯಿತು. ಕಂಬಿ ಹಿಡಿದ ಬೆರಳುಗಳು ನೋಯುತ್ತಿದ್ದವು.

ಆಸ್ಪತ್ರೆಯಲ್ಲಿ ಹೊರರೋಗಿಗಳ ಸಾಲು ಬಾಗಿಲಿನವರೆಗೆ ಬಂದಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿಂದ ಬಂದ ಕೆಮ್ಮಿನವರು, ಮಡಿಲಲ್ಲಿ ಕೂಸು ಇದ್ದವರು. ಮ್ಯಾನೇಜರ್ ತಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಸಿದರು. ನಾನು ಪ್ಲಗಿನ್ ಏರಿಸಿ, ಚಾಲೂ ಮಾಡುವ ಗುಂಡಿ ಒತ್ತಿದೆ. ಪುಟ ಬೆಳ್ಳಗಾಯಿತು.

“ಏನಾತ್ರಿ ಮೇಡಂ? ಪೂರಾ ಬೆಳ್ಳಗಾತಲ್ಲ?”

“ತಡೀರಿ ಸರ್.”

ಮತ್ತೆ ತೆರೆದೆ. ಗಂಭೀರ ದೋಷವಿದೆ ಎಂಬ ಒಂದೇ ಸಾಲು. ಒಳಗೆ ಹೋಗಿ ಪ್ಲಗಿನ್ ನಿಲ್ಲಿಸೋಣವೆಂದರೆ ಒಳಗಿನ ಪುಟವೂ ಬಿಳಿ. ಅಷ್ಟರಲ್ಲಿ ಟೋಕನ್ ಕೊಡುವ ಕಿಟಕಿಯಿಂದ ಕೂಗು ಬಂತು. ಊರ ಹೊರಗಿನವರು ಸೈಟಿನಲ್ಲೇ ಟೋಕನ್ ಹಿಡಿದು ಬರುತ್ತಿದ್ದರು, ಈಗ ಯಾರ ಹೆಸರೂ ಕಾಣುತ್ತಿರಲಿಲ್ಲ. ಸಾಲಿನಲ್ಲಿದ್ದವರು ತಮ್ಮ ತಮ್ಮಲ್ಲೇ ಜಗಳ ಶುರು ಮಾಡಿದರು. ಸರ್ವರಿನ ಪಾಸ್‌ವರ್ಡ್ ಕೇಳಿದೆ. ಮ್ಯಾನೇಜರ್ ಮೊಬೈಲಿನ ಹಳೆಯ ಮೆಸೇಜುಗಳನ್ನು ಒಂದೊಂದಾಗಿ ಸರಿಸುತ್ತ ಹುಡುಕಿದರು. ಸಿಕ್ಕ ಮೇಲೆ ಸರ್ವರಿನ ಫೈಲುಗಳೊಳಗೆ ಇಳಿದು ನನ್ನ ಫೋಲ್ಡರಿನ ಹೆಸರು ಕೆಡಿಸಿದೆ. ಹೆಸರು ಸಿಗದಿದ್ದರೆ ಸೈಟು ಆ ಪ್ಲಗಿನ್ನನ್ನು ಬಿಟ್ಟು ಮುಂದೆ ಹೋಗುತ್ತದೆ. ಸೈಟು ಮರಳಿ ಬಂತು. ಮ್ಯಾನೇಜರ್ ಎದ್ದು ಟೋಕನ್ ಕಿಟಕಿಯ ಕಡೆ ಹೋದರು. ನನಗೆ ಕುಡಿಯಲು ನೀರೂ ಬರಲಿಲ್ಲ.

ದೋಷಗಳು ದಾಖಲಾಗುವ ಫೈಲನ್ನು ತೆರೆದು ನೋಡಿದೆ. ಪೇಜ್ ಬಿಲ್ಡರ್‌ನ ಮೂಲ ಕ್ಲಾಸ್ ಸಿಕ್ಕಿಲ್ಲ ಎಂದು ಬರೆದಿತ್ತು. ಯಾವ ವಿಜೆಟ್ ಆದರೂ ಆ ಮೂಲ ಕ್ಲಾಸಿನಿಂದಲೇ ಹುಟ್ಟಬೇಕು. ಅದು ತಾಯಿ, ನನ್ನದು ಮಗಳು. ಸೈಟು ಪ್ಲಗಿನ್ನುಗಳನ್ನು ಫೋಲ್ಡರಿನ ಹೆಸರಿನ ಅಕ್ಷರಮಾಲೆಯ ಪ್ರಕಾರ ಓದುತ್ತದೆ. ರಕ್ತನಿಧಿಯ ಸೈಟಿನಲ್ಲಿ ನನ್ನ ಫೋಲ್ಡರಿನ ಹೆಸರು ಬಿಲ್ಡರ್‌ನ ಹೆಸರಿನ ನಂತರ ಬರುತ್ತಿತ್ತು. ಇಲ್ಲಿ ಹೊಸ ಹೆಸರು ಇಟ್ಟಿದ್ದರಿಂದ ಮೊದಲೇ ಬಂತು. ತಾಯಿ ಹುಟ್ಟುವ ಮುಂಚೆ ಮಗಳನ್ನು ಕರೆದು ನಿಲ್ಲಿಸಿದಂತಾಗಿತ್ತು.

ಹೆಸರು ಬದಲಿಸಿದರೆ ಅವತ್ತಿನ ಮಟ್ಟಿಗೆ ಪಾರಾಗಬಹುದಿತ್ತು. ಆದರೆ ಅದು ಅದೃಷ್ಟದ ಮೇಲೆ ನಿಲ್ಲುವ ಕೆಲಸ. ಬಿಲ್ಡರ್ ಪೂರ್ತಿ ತಯಾರಾದ ಮೇಲೆ ‘ಈಗ ವಿಜೆಟ್‌ಗಳನ್ನು ಸೇರಿಸಿ’ ಎಂದು ಒಂದು ಸೂಚನೆ ಕೊಡುತ್ತದೆ. ಕ್ಲಾಸಿನ ಫೈಲನ್ನು ತರುವ ಸಾಲನ್ನು ಪ್ಲಗಿನ್ನಿನ ತಲೆಯಿಂದ ಎತ್ತಿ, ಆ ಸೂಚನೆ ಬಂದಾಗ ಮಾತ್ರ ಓಡುವ ಫಂಕ್ಷನ್ನಿನೊಳಗೆ ಇಟ್ಟೆ. ಬಿಲ್ಡರ್ ಇಲ್ಲದೇ ಇದ್ದರೆ ಸೂಚನೆಯೂ ಬರುವುದಿಲ್ಲ, ನನ್ನ ಫೈಲೂ ತೆರೆಯುವುದಿಲ್ಲ, ಸೈಟೂ ಸಾಯುವುದಿಲ್ಲ. ಲ್ಯಾಪ್‌ಟಾಪಿನ ಪ್ರಯೋಗದ ಸೈಟಿನಲ್ಲಿ ಪ್ಲಗಿನ್ನಿಗೆ ಅದೇ ಫೋಲ್ಡರ್ ಹೆಸರು ಕೊಟ್ಟು ಮೊದಲು ಬೇಕೆಂದೇ ಕೆಡಿಸಿದೆ, ಆಮೇಲೆ ಸಾಲು ಸರಿಸಿ ನೋಡಿದೆ. ಸರಿಹೋಯಿತು. ಹೊರರೋಗಿಗಳ ಸಾಲು ಕರಗುವ ತನಕ ಕಾದು, ಆಮೇಲೆ ಇಳಕಲ್ ಸೈಟಿನ ಮೇಲೆ ಕೈ ಇಟ್ಟೆ. ಈ ಸಲ ಎಂಟು ಚೌಕ ಮೂಡಿದವು. ಮ್ಯಾನೇಜರ್ ಅವನ್ನು ನೋಡಿ ಮೆತ್ತಗಾದರು.

“ಚಂದ ಐತಿ ಬಿಡ್ರಿ. ಮೊದಲ ಹಿಂಗ ಮಾಡಿದ್ರ ಆಗ್ತಿತ್ತಲ್ಲ?”

ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಬಾದಾಮಿಗೂ ಹೋಗಿ ಹಾಕಿ ಬಂದೆ. ಹುನಗುಂದದ್ದನ್ನು ಮಾತ್ರ ಮನೆಯಲ್ಲೇ ಕೂತು ಮಾಡಿದೆ. ಅಲ್ಲಿಯ ಮ್ಯಾನೇಜರ್ ಸೈಟಿನೊಳಗೆ ಹೋಗುವ ಪಾಸ್‌ವರ್ಡ್ ಕೊಟ್ಟರು, ಸರ್ವರಿನದು ತಮ್ಮ ಹತ್ತಿರವೇ ಇರಲಿ ಎಂದರು. ಇರಲಿ ಬಿಡಿ ಅಂದೆ. ಇನ್ನೊಂದು ಪ್ರಯಾಣ ತಪ್ಪಿತಲ್ಲ ಎಂಬುದೇ ದೊಡ್ಡದಾಗಿತ್ತು.

ಮುಂದಿನ ಕೆಲವು ವಾರ ಎಲ್ಲ ಸುಸೂತ್ರ. ರಕ್ತನಿಧಿಗೆ ಬರುವ ಫೋನು ಕಡಿಮೆಯಾಯಿತು. ಟೆಕ್ನಿಶಿಯನ್ ನನ್ನದೇ ವಯಸ್ಸಿನವನು, ಕಡಿಮೆ ಮಾತಿನವನು. ಒಂದು ದಿನ ತಾನಾಗಿಯೇ ಹೇಳಿದ, “ಅಕ್ಕಾರ, ಈಗ ಊಟಾ ಬಿಸಿ ಇದ್ದಾಗ ಮಾಡಾಕತ್ತೇನಿ.” ಆ ಮಾತು ಕೇಳಿ ನನಗೂ ಹಗುರೆನಿಸಿತು.

ಆ ದಿನ ನಾನು ರಕ್ತನಿಧಿಯಲ್ಲೇ ಇದ್ದೆ. ದಾನಿಗಳ ನೋಂದಣಿಯಲ್ಲಿ ಏನೋ ತಕರಾರೆಂದು ಡಾಕ್ಟರ್ ಕರೆಸಿದ್ದರು. ಹೊರಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಾಗ ಒಬ್ಬ ಒಳಗೆ ಬಂದ. ಮೂವತ್ತರ ಆಸುಪಾಸು, ಹಣೆಯಲ್ಲಿ ಅರ್ಧ ಅಳಿಸಿದ ಭಂಡಾರದ ಅರಿಶಿನ, ಕೈಯಲ್ಲಿ ಥರ್ಮಾಕೋಲಿನ ಸಣ್ಣ ಡಬ್ಬಿ. ಅದರೊಳಗೆ ರೋಗಿಯ ರಕ್ತದ ಮಾದರಿ ಇರುತ್ತದೆ. ಇಲ್ಲಿಯ ರಕ್ತದ ಜೊತೆ ಹೊಂದುತ್ತದೋ ಇಲ್ಲವೋ ನೋಡಲು ಅದು ಬೇಕು. ಟೆಕ್ನಿಶಿಯನ್ ಚೀಟಿ ಓದಿ ತಲೆ ಅಲ್ಲಾಡಿಸಿದ.

“ಬಿ ನೆಗೆಟಿವ್ ಇಲ್ರಿ. ಇದ್ದದ್ದು ನಿನ್ನಿ ಸಂಜಿ ಮುಂದ ಹೋತು.”

“ಇಲ್ಲಂದ್ರ ಹೆಂಗ್ರಿ? ಹುನಗುಂದದಾಗ ದವಾಖಾನ್ಯಾಗ ಐತಿ ಅಂತ ಹೇಳೇ ಕಳಸ್ಯಾರ. ನಾನೂ ನೋಡೇನಿ. ಇಲ್ಲಿ ನೋಡ್ರಿ, ಹಸರ ಐತಲ್ಲ?”

ಅವನು ಮೊಬೈಲನ್ನು ಕಿಟಕಿಯೊಳಗೆ ಚಾಚಿದ. ನಾನು ಎದ್ದು ಹೋಗಿ ನೋಡಿದೆ. ಹುನಗುಂದ ಆಸ್ಪತ್ರೆಯ ಸೈಟು. ನಾನು ಬರೆದ ಎಂಟು ಚೌಕ. ಬಿ ನೆಗೆಟಿವ್ ಹಸಿರು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಸೈಟು ತೆರೆದೆ. ಕೆಂಪು. ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದೆ.

ಡಾಕ್ಟರ್ ಹೊರಗೆ ಬಂದರು. ವಿಷಯ ಕೇಳಿದರು. ನನ್ನ ಕಡೆ ಒಮ್ಮೆ ನೋಡಿದರು. ಹೆರಿಗೆಯಾದ ತಂಗಿಗೆ ರಕ್ತಸ್ರಾವ ನಿಂತಿಲ್ಲ ಎಂದು ಅವನು ಹೇಳಿದ. ಬಿ ನೆಗೆಟಿವ್ ಬದಲು ಕೊಡಬಹುದಾದ ಓ ನೆಗೆಟಿವ್ ಕೂಡ ಅವತ್ತು ಇರಲಿಲ್ಲ. ಡಾಕ್ಟರ್ ದಾನಿಗಳಿಗೆ ಫೋನ್ ಹಚ್ಚಲು ಕೂತರು. ಒಬ್ಬರು ಊರಲ್ಲಿರಲಿಲ್ಲ, ಒಬ್ಬರು ಎತ್ತಲಿಲ್ಲ. ವಿದ್ಯಾಗಿರಿಯ ಕಾಲೇಜಿನ ಉಪನ್ಯಾಸಕರೊಬ್ಬರು ಪಾಠ ಅರ್ಧಕ್ಕೆ ಬಿಟ್ಟು ಬಂದರು. ಷರ್ಟಿನ ತೋಳಿಗೆ ಸೀಮೆಸುಣ್ಣದ ಪುಡಿ ಇನ್ನೂ ಹತ್ತಿತ್ತು. ರಕ್ತ ಕೊಟ್ಟರು. ಆದರೆ ತೆಗೆದ ರಕ್ತವನ್ನು ಹಾಗೆಯೇ ಕೊಡುವಂತಿಲ್ಲ. ರೋಗಗಳ ಪರೀಕ್ಷೆ ಮುಗಿಯಬೇಕು, ಮಾದರಿಯೊಂದಿಗೆ ಹೊಂದಿಸಿ ನೋಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

ಅವನು ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಹುನಗುಂದದ ಹತ್ತಿರದ ಹಳ್ಳಿ, ಮನೆಯಲ್ಲಿ ಕುರಿ ಇವೆ, ತಾನು ಟಂಟಂ ಆಟೋ ಓಡಿಸುವವನು ಎಂದ. ತಂಗಿಗೆ ಹೆಣ್ಣು ಕೂಸು. ಕೂಸು ಚೆನ್ನಾಗಿದೆ. ಹೇಳುತ್ತ ಹೇಳುತ್ತ ಮೊಬೈಲ್ ನೋಡುತ್ತಿದ್ದ.

“ಅಕ್ಕಾರ, ನಿಮ್ಮದರಾಗ ಕೆಂಪ ತೋರಸ್ತೈತಿ, ನನ್ನದರಾಗ ಹಸರ. ಹಿಂಗ್ಯಾಕ?”

ಅಷ್ಟರಲ್ಲಿ ನನಗೆ ಕಾರಣ ಹೊಳೆದಿತ್ತು. ಪುಟ ಬೇಗ ತೆರೆಯಲೆಂದು ಹುನಗುಂದದ ಸರ್ವರ್ ಪ್ರತಿ ಪುಟದ ಒಂದು ನಕಲನ್ನು ದಿನಗಟ್ಟಲೆ ಇಟ್ಟುಕೊಂಡು, ಬಂದವರಿಗೆಲ್ಲ ಆ ನಕಲನ್ನೇ ತೋರಿಸುತ್ತಿತ್ತು. ನಾನು ಮಾತ್ರ ಯಾವಾಗಲೂ ಪಾಸ್‌ವರ್ಡ್ ಹಾಕಿ ಒಳಗಿನವಳಾಗಿ ನೋಡುತ್ತಿದ್ದೆ. ಒಳಗಿನವರಿಗೆ ನಕಲು ತೋರಿಸುವುದಿಲ್ಲ, ಹೊಸ ಪುಟವೇ ಬರುತ್ತದೆ. ಹೀಗಾಗಿ ಇಷ್ಟು ವಾರ ನನಗೊಂದು, ಊರಿಗೊಂದು ಪುಟ. ಹೊರಗಿನವಳಂತೆ ಒಂದು ಸಲವೂ ಅದನ್ನು ತೆರೆದು ನೋಡಿರಲಿಲ್ಲ.

“ಇದನ್ನ ಮಾಡಿದಾಕಿ ನಾನ ಅದೇನಿ,” ಅಂದೆ. “ನಿಮಗ ಕಂಡದ್ದು ನಿನ್ನಿದು. ಹಳೇ ಪುಟ ತೋರ್ಸಾಕತ್ತೈತಿ.”

ಬೈಯುತ್ತಾನೆ ಅಂದುಕೊಂಡೆ. ಅವನು ನನ್ನನ್ನು ದಿಟ್ಟಿಸಿ ನೋಡಿದ.

“ಹಂಗಾರ ಮೊದಲ ಅದನ್ನ ತೆಗೀರಿ ಅಕ್ಕಾರ. ನನ್ನ ಹಿಂದ ಮತ್ತೊಬ್ಬ ಹೊಂಟಿದ್ರ?”

ಲ್ಯಾಪ್‌ಟಾಪನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಕ್ಲಾಸನ್ನು ಬಿಲ್ಡರಿಗೆ ಪರಿಚಯಿಸುವ ಸಾಲೊಂದನ್ನು ನಿಷ್ಕ್ರಿಯ ಮಾಡಿ, ನಾಲ್ಕೂ ಸೈಟಿಗೆ ಆ ಫೈಲನ್ನು ಏರಿಸಿದೆ. ನನ್ನ ಪರದೆಯ ಮೇಲೆ ಚೌಕಗಳು ಮಾಯವಾದವು. ಅವನ ಮೊಬೈಲಿನಲ್ಲಿ ರಕ್ತನಿಧಿ, ಬಾದಾಮಿ, ಇಳಕಲ್ ಸೈಟುಗಳನ್ನು ತೆರೆಸಿ ನೋಡಿದೆ. ಅಲ್ಲೂ ಇಲ್ಲ. ಹುನಗುಂದದ್ದು ಮಾತ್ರ ಹಾಗೇ ಇತ್ತು. ಹಸಿರು. ನಕಲನ್ನು ಅಳಿಸಬೇಕೆಂದರೆ ಸರ್ವರಿನ ಪಾಸ್‌ವರ್ಡ್ ಬೇಕು.

ಮ್ಯಾನೇಜರಿಗೆ ಫೋನ್ ಮಾಡಿದೆ. ಆ ಕಡೆ ವಾಲಗದ ಸದ್ದು. ಕೂಡಲಸಂಗಮದಲ್ಲಿ ನೆಂಟರ ಮದುವೆಯಲ್ಲಿದ್ದರು.

“ಮೇಡಂ, ಅಕ್ಕಿಕಾಳ ಬೀಳೂ ಹೊತ್ತು. ಆಮ್ಯಾಲೆ ಮಾಡ್ಲೇನು?”

“ಇಲ್ರಿ ಸರ್, ಈಗಲೇ. ನಿಮ್ಮ ದವಾಖಾನಿ ಪೇಷಂಟಿನ ಅಣ್ಣ ಇಲ್ಲಿ ನನ್ನ ಬಾಜೂಕ ಕುಂತಾನ. ನಿಮ್ಮ ಸೈಟ್ ನೋಡಿ ಬಂದಾನ. ಇಲ್ಲಿ ರಕ್ತ ಇಲ್ಲ.”

ವಾಲಗದ ಸದ್ದು ದೂರವಾಗುತ್ತ ಹೋಯಿತು. ಅವರು ಮಂಟಪದಿಂದ ಹೊರಗೆ, ಹೊಳೆಯ ಕಡೆ ನಡೆಯುತ್ತಿದ್ದರು. “ಹೇಳ್ರಿ, ಎಲ್ಲಿ ಒತ್ತಲಿ?” ಅಂದರು. ಸಣ್ಣ ಪರದೆಯಲ್ಲಿ ಸರ್ವರಿನ ಪುಟ ತೆರೆಯುವುದು, ಸರಿಯಾದ ಗುಂಡಿ ಹುಡುಕುವುದು, ನೆಟ್‌ವರ್ಕ್ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡುವುದು. ನನ್ನ ಪಕ್ಕದವನು ತನ್ನ ಮೊಬೈಲಿನಲ್ಲಿ ಪುಟವನ್ನು ಮತ್ತೆ ಮತ್ತೆ ಎಳೆದು ನೋಡುತ್ತಲೇ ಇದ್ದ.

“ಹೋತ್ರಿ,” ಅಂದ ಕೊನೆಗೆ. “ಅಳಿಸಿ ಹೋತು.”

ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಫೋನ್ ಬಂತು. ಎದ್ದು ನಿಂತ. ಕೇಳುತ್ತಾ ಕೇಳುತ್ತಾ ಅವನ ಮುಖ ಬದಲಾಯಿತು. ತಂಗಿಯ ಬಿಪಿ ಇಳಿಯುತ್ತಿದೆ, ಕಾಯುವುದಕ್ಕಾಗುವುದಿಲ್ಲ, ಆಂಬುಲೆನ್ಸಿನಲ್ಲಿ ಬಾಗಲಕೋಟೆಗೇ ತರುತ್ತಿದ್ದಾರೆ. ಅವನು ಗೇಟಿನ ತನಕ ಓಡಿದ. ಇನ್ನೂ ಹುನಗುಂದವನ್ನೇ ಬಿಟ್ಟಿರದ ಗಾಡಿಗಾಗಿ ಬಿಸಿಲಲ್ಲಿ ನಿಂತ. ಒಳಗೆ ಬಂದು ಕೂರೆಂದು ನಾನು ಕರೆದೆ. ಬರಲಿಲ್ಲ.

ಬೆಳಿಗ್ಗೆಯೇ ‘ಇಲ್ಲ’ ಎಂದು ಗೊತ್ತಾಗಿದ್ದರೆ ಅವಳನ್ನು ಆಗಲೇ ಹೊರಡಿಸುತ್ತಿದ್ದರು. ದಾನಿಯೂ ಅಷ್ಟು ಮೊದಲೇ ಬರುತ್ತಿದ್ದರು. ಈ ಲೆಕ್ಕವನ್ನು ನಾನು ಬೆಂಚಿನ ಮೇಲೆ ಕೂತು ಎಷ್ಟು ಸಲ ಹಾಕಿದೆನೋ.

ಆಂಬುಲೆನ್ಸ್ ಬಂದಾಗ ಪರೀಕ್ಷೆ ಮುಗಿಯುವ ಹಂತದಲ್ಲಿತ್ತು. ರಕ್ತನಿಧಿಯ ಪಕ್ಕದ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತೆಗೆದುಕೊಂಡರು. ಸ್ಟ್ರೆಚರಿನ ಮೇಲೆ ಹೋದ ಬಿಳಿಚಿದ ಪಾದಗಳು ಮಾತ್ರ ನನಗೆ ಕಂಡವು. ಟೆಕ್ನಿಶಿಯನ್ ಪ್ಯಾಕೆಟ್ ಹಿಡಿದು ತಾನೇ ಓಡಿದ. ಸಂಜೆ ಡಾಕ್ಟರ್ ಹೊರಗೆ ಬಂದು, “ಉಳದಾಳ. ಐಸಿಯುದಾಗ ಇಟ್ಟಾರ. ನೀ ಮನಿಗೆ ಹೋಗು,” ಅಂದರು. ಮನೆಗೆ ಹೋದೆ. ದೀಪ ಹಚ್ಚುವ ಮುಂಚೆಯೇ ಹಾಸಿಗೆಯ ಮೇಲೆ ಬಿದ್ದೆ.

ಅವಳು ಚೇತರಿಸಿಕೊಳ್ಳಲು ತುಂಬಾ ದಿನ ಬೇಕಾಯಿತು. ಅಷ್ಟರಲ್ಲಿ ನಾನು ಕ್ಲಾಸನ್ನು ತಿದ್ದಿದೆ. ಈಗ ಪುಟ ಹಳೆಯದಾದರೂ ಚೌಕಗಳು ಮಾತ್ರ ಪ್ರತಿ ಸಲ ನೇರವಾಗಿ ರಕ್ತನಿಧಿಯ ಸರ್ವರನ್ನೇ ಕೇಳಿ ಬಣ್ಣ ತಂದುಕೊಳ್ಳುವಂತೆ ಮಾಡಿದೆ. ಈ ಸಲ ಪ್ರಯೋಗದ ಪುಟವೊಂದನ್ನು ಹೊರಗಿನವಳಾಗಿ, ಬೇರೆ ಬೇರೆ ಮೊಬೈಲಿನಲ್ಲಿ ನೋಡಿದೆ. ಸರಿಯಿತ್ತು. ಡಾಕ್ಟರ್ “ಹಂಗಾರ ಹಾಕಿಬಿಡು” ಅಂದರು. ಫೋನುಗಳು ಮತ್ತೆ ಶುರುವಾಗಿದ್ದವು.

ಹಾಕುವ ಮೊದಲು ಒಂದು ದಿನ ಟೆಕ್ನಿಶಿಯನ್ ಪಕ್ಕ ಕೂತು ಅವನ ಕೆಲಸ ನೋಡುತ್ತೇನೆ ಎಂದೆ. ಬೆಳಿಗ್ಗೆಯಿಂದ ಅವನ ಕೈ ಖಾಲಿ ಇರಲಿಲ್ಲ. ಮಾದರಿ ಹೊಂದಿಸುವುದು, ಫ್ರಿಜ್ಜಿನಿಂದ ಪ್ಯಾಕೆಟ್ ತೆಗೆಯುವುದು, ಕೊಡುವುದು, ಮತ್ತೆ ಮುಂದಿನದು. ಕಂಪ್ಯೂಟರಿನಲ್ಲಿ ಸಂಖ್ಯೆ ಬದಲಿಸಿದ್ದು ಊಟದ ಹೊತ್ತಿಗೆ. ಅಲ್ಲಿಯತನಕ ನನ್ನ ಪ್ರಯೋಗದ ಪುಟದ ಚೌಕಗಳು ಬೆಳಗಿನ ಮಾತನ್ನೇ ಹೇಳುತ್ತಿದ್ದವು.

“ಕೈಯಾಗ ಗ್ಲೌಸ್ ಇರ್ತಾವ್ರಿ. ಕೀಬೋರ್ಡ್ ಮುಟ್ಟಾಂಗಿಲ್ಲ,” ಅಂದ.

ಅವನದೇನೂ ತಪ್ಪಿರಲಿಲ್ಲ. ಅವನು ಕ್ಷಣಕ್ಷಣಕ್ಕೂ ಬರೆದರೂ, ಇಳಕಲ್‌ನಲ್ಲಿ ಹಸಿರು ನೋಡಿ ಹೊರಟವನು ಇಲ್ಲಿಗೆ ಬರುವಷ್ಟರಲ್ಲಿ ಆ ಪ್ಯಾಕೆಟ್ ಬೇರೆಯವರ ಪಾಲಾಗಿರಬಹುದು. ಎಷ್ಟೇ ಚೊಕ್ಕವಾಗಿ ಬರೆದ ಕ್ಲಾಸಿಗೂ ಇದು ನೀಗುವುದಲ್ಲ. ಮಧ್ಯಾಹ್ನ ಡಾಕ್ಟರ ಕೋಣೆಗೆ ಹೋಗಿ, “ಹಸಿರು ಬ್ಯಾಡ್ರಿ ಮೇಡಂ,” ಅಂದೆ. “ಚೌಕನೇ ಬ್ಯಾಡ.”

“ಮತ್ತ? ಮತ್ತ ಫೋನ ಎತ್ತಕೋತ ಕೂಡೂದೇನು? ಆ ಕಾಟ ತಪ್ಪಲಿ ಅಂತ ಅಲ್ಲೇನು ನಿನಗ ಹೇಳಿದ್ದು?”

“ಫೋನ್ ಮಾಡೂದು ಮನೀ ಮಂದಿ ಅಲ್ರಿ. ದವಾಖಾನಿ ಸಿಸ್ಟರ್ ಮಾಡಲಿ. ಅವ್ರಿಗೆ ಒಂದ ಬ್ಯಾರೆ ನಂಬರ್ ಕೊಡ್ರಿ. ಇದ್ರ, ಪೇಷಂಟ್ ಹೆಸರ ಹಚ್ಚಿ ಪ್ಯಾಕೆಟ್ ಎತ್ತಿ ಇಡ್ರಿ. ಎತ್ತಿ ಇಟ್ಟ ಮ್ಯಾಲೆ ಮಂದಿ ಹೊಂಡಲಿ.”

“ಇಷ್ಟಕ್ಕ ವೆಬ್‌ಸೈಟ್ ಯಾಕ ಬೇಕ?”

“ಹೊಂಡಬ್ಯಾಡ್ರಿ ಅಂತ ಹೇಳಾಕ ಬೇಕ್ರಿ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ವಾದ ಮಾಡಲು ಅವರಿಗೂ ದಣಿವಾಗಿತ್ತು. “ಅವತ್ತ ಆ ಅಣ್ಣ ಗೇಟಿನ್ಯಾಗ ನಿಂತಿದ್ನಲ್ಲ,” ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಮಾಡು,” ಅಂದರು.

ಬರೆದದ್ದರಲ್ಲಿ ಬಹುಪಾಲು ಅಳಿಸಿದೆ. ಉಳಿದ ವಿಜೆಟ್ ಪುಟದ ಮೇಲೆ ಮೂಡಿಸುತ್ತಿದ್ದುದು ಇಷ್ಟು: ರಕ್ತಕ್ಕಾಗಿ ಹೊರಡುವ ಮೊದಲು ನಿಮ್ಮ ಆಸ್ಪತ್ರೆಯ ನರ್ಸ್ ಅವರನ್ನು ಕೇಳಿ. ಅವರು ನಮಗೆ ಫೋನ್ ಮಾಡಿ, ರಕ್ತವನ್ನು ನಿಮ್ಮ ಹೆಸರಿನಲ್ಲಿ ತೆಗೆದಿರಿಸುವಂತೆ ಹೇಳುತ್ತಾರೆ. ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆ.

ಆದರೆ ಇದಕ್ಕೆ ಮೂರೂ ಆಸ್ಪತ್ರೆ ಒಪ್ಪಬೇಕಲ್ಲ. ಮತ್ತೆ ಬಸ್ಸು. ಹುನಗುಂದದ ಮ್ಯಾನೇಜರ್ ನಾನು ಹೇಳಿ ಮುಗಿಸುವ ಮೊದಲೇ ಹೂಂ ಅಂದರು. ಆ ದಿನದ ನಂತರ ಅವರ ಮಾತೇ ಕಡಿಮೆಯಾಗಿತ್ತು. ಸರ್ವರಿನ ಪಾಸ್‌ವರ್ಡನ್ನು ಕೇಳದೆಯೇ ಕೊಟ್ಟರು. ಬಾದಾಮಿಯಲ್ಲಿ ಹಿರಿಯ ನರ್ಸ್ ಒಬ್ಬರು ಪಕ್ಕದಲ್ಲೇ ನಿಂತು ಕೇಳಿ, ನಂಬರನ್ನು ವಾರ್ಡಿನ ಫೋನಿನಲ್ಲಿ ಹಾಕಿಕೊಂಡರು.

ಇಳಕಲ್‌ನಲ್ಲಿ ಆಗಲಿಲ್ಲ.

“ಇದೇನ್ರಿ ಮೇಡಂ?” ಮ್ಯಾನೇಜರ್ ಪರದೆಯ ಮೇಲೆ ಬೆರಳಿಟ್ಟರು. “ಎಂಟ ಬಣ್ಣದ ಚೌಕ ಇದ್ದಾಗ ಸೈಟಿಗೆ ಒಂದು ಕಳಾ ಇತ್ತು. ಈಗ ಬಸ್‌ಸ್ಟ್ಯಾಂಡಿನ ಬೋರ್ಡ್ ಇದ್ದಂಗ ಐತಿ. ಹಳೇದ ಹಾಕ್ರಿ.”

“ಅದನ್ನ ನಂಬಿ ಮಂದಿ ಹೊಂಡ್ತಾರ್ರಿ ಸರ್. ಹುನಗುಂದದ್ದು ಹೇಳಿದ್ನಲ್ಲ.”

“ಅದು ಹುನಗುಂದದಾಗ. ನಮ್ಮ ಸಿಸ್ಟರ್‌ಗೋಳಿಗೆ ಫೋನ್ ಹಚ್ಚಕೋತ ಕೂಡಾಕ ಟೈಮ್ ಎಲ್ಲೈತಿ? ಹಳೇದ ಹಾಕೂದಿದ್ರ ಹಾಕ್ರಿ, ಇಲ್ಲಂದ್ರ ನಿಮ್ಮದನ್ನ ತಗೊಂಡ ಹೋಗ್ರಿ.”

ಹಳೆಯದನ್ನು ಹಾಕಿ ಕೈ ತೊಳೆದುಕೊಂಡಿದ್ದರೆ ಮುಂದಿನ ಬಸ್ಸಿಗೇ ಹೊರಡಬಹುದಿತ್ತು. ಕೈ ಬರಲಿಲ್ಲ. ಅವರ ಎದುರಿಗೇ ಪ್ಲಗಿನ್ ನಿಲ್ಲಿಸಿ, ಅಳಿಸಿದೆ. ಇಷ್ಟೆಲ್ಲ ಪಾಡುಪಟ್ಟು ಏರಿಸಿದ್ದನ್ನು ತೆಗೆಯಲು ಎರಡು ಗುಂಡಿ ಒತ್ತಿದರೆ ಸಾಕಾಯಿತು. ಹೊರಗೆ ಹೋಗುವಾಗ ಹೆರಿಗೆ ವಾರ್ಡಿನ ಮುಂದೆ ನಿಂತೆ. ಅಲ್ಲಿದ್ದ ನರ್ಸ್‌ಗೆ ರಕ್ತನಿಧಿಯ ಆ ನಂಬರನ್ನು ಕೊಟ್ಟು, ಯಾಕೆಂದು ಹೇಳಿದೆ. ಅವಳು ಗೋಡೆಯ ಮೇಲೆ, ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಪೆನ್ನಿನಿಂದ ಬರೆದುಕೊಂಡಳು. ಮ್ಯಾನೇಜರನ್ನು ಕೇಳಬೇಕೇ ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮಧ್ಯಾಹ್ನ ರಕ್ತನಿಧಿಯಲ್ಲಿದ್ದೆ. ಆಸ್ಪತ್ರೆಗಳಿಗೆಂದೇ ಇಟ್ಟ ಫೋನು ಸದ್ದು ಮಾಡಿತು. ಬಾದಾಮಿಯ ನರ್ಸ್. ಬನಶಂಕರಿ ರಸ್ತೆಯಲ್ಲಿ ಬೈಕ್ ಅಪಘಾತ, ಓ ನೆಗೆಟಿವ್ ಬೇಕು. ಟೆಕ್ನಿಶಿಯನ್ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಗ್ಲೌಸ್ ಹಾಕಿದ ಕೈಯಿಂದಲೇ ಫ್ರಿಜ್ಜಿನ ಬಾಗಿಲು ತೆರೆದು ನೋಡಿದ.

“ಇಲ್ಲ ಅಕ್ಕಾರ, ನಮ್ಮಲ್ಲಿ ಇಲ್ಲ. ಇಲ್ಲಿಗೆ ಯಾರನ್ನೂ ಕಳಸಬ್ಯಾಡ್ರಿ. ತಡೀರಿ, ಹುಬ್ಬಳ್ಳಿ ಕೇಳಿ ಹೇಳ್ತೇನಿ.”

ಹುಬ್ಬಳ್ಳಿಗೆ ಹಚ್ಚಿದ. ಅಲ್ಲಿ ಇತ್ತು. ರೋಗಿಯ ಹೆಸರು ಹೇಳಿ ಎತ್ತಿ ಇಡಲು ಕೇಳಿದ, ಮತ್ತೆ ಬಾದಾಮಿಗೆ ಹಚ್ಚಿದ. “ಪೇಷಂಟನ್ನ ತಗೊಂಡ ಸೀದಾ ಅಲ್ಲಿಗೇ ಹೊಂಡ್ರಿ. ನಿಮ್ಮ ಹೆಸರಿಲೇ ಇಟ್ಟಾರ.” ಅಷ್ಟು ಹೇಳಿ ಫೋನಿಟ್ಟು, ಗ್ಲೌಸ್ ಬದಲಿಸಿ, ಬಿಟ್ಟ ಕೆಲಸಕ್ಕೆ ಹೋದ.

ನನ್ನ ಕೆಲಸ ಮುಗಿದಿತ್ತು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿದ್ದೆ. ಆದರೂ ಏಳಲಿಲ್ಲ. ಗಾಡಿ ಕುಳಗೇರಿ ಕ್ರಾಸ್ ದಾಟಿತಂತೆ ಎಂದು ಡಾಕ್ಟರ್ ಒಮ್ಮೆ ಬಂದು ಹೇಳಿದರು. ಆಮೇಲೆ ನವಲಗುಂದ. ಬಿಸಿಲು ಕಿಟಕಿಯಿಂದ ಜರುಗಿ ನೆಲಕ್ಕೆ ಬಂದ ಮೇಲೆ ಮತ್ತೆ ಬಂದರು.

“ಮುಟ್ಟಿದ್ರಂತ. ರಕ್ತ ಹಚ್ಯಾರಂತ.”

ನಾನು ಹೂಂ ಎಂದು ತಲೆ ಆಡಿಸಿದೆ.

“ಮತ್ತ ನೀ ಇನ್ನೂ ಯಾಕ ಕುಂತೀ? ಮನಿಗೆ ಹೋಗುದಿಲ್ಲೇನು?”

“ಹೋಗ್ತೇನ್ರಿ. ಒಂಚೂರು ಕೂಡ್ತೇನಿ.”

ಅವರು ನಿಂತೇ ಇದ್ದರು. ಆಮೇಲೆ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ನನ್ನ ಪಕ್ಕ ಕಾಲು ಮಡಚಿಕೊಂಡು ಕೂತರು. ಒಳಗೆ ಟೆಕ್ನಿಶಿಯನ್ ನಳ ಬಿಟ್ಟು ಕೈ ತೊಳೆಯುತ್ತಿದ್ದ. ನಾವಿಬ್ಬರೂ ಅದನ್ನು ಕೇಳುತ್ತ ಕೂತೆವು.